ಮನೆ ಪುಸ್ತಕದಲ್ಲಿ ಇನ್ನೊಂದು ಹೆಸರು

ಥೊನ್‌ಬುರಿಯ ಕಾಲುವೆ ಓಣಿಯಲ್ಲಿ ಲಮ್ಯಾಯ್‌ಳ ಹೊಲಿಗೆ ಯಂತ್ರಕ್ಕೆ ಏಪ್ರಿಲ್ ಬಂತೆಂದರೆ ಬಿಡುವಿಲ್ಲ. ಶಾಲೆಯ ಅಂಗಿಯ ಎದೆಯ ಮೇಲೆ ಮಗುವಿನ ಹೆಸರನ್ನೂ ಶಾಲೆಯ ಮೊದಲಕ್ಷರಗಳನ್ನೂ ನೀಲಿ ದಾರದಲ್ಲಿ ಹೊಲಿದುಕೊಡುವುದು ಅವಳ ಕಸುಬು. ಕಾಲುವೆಯಾಚೆಯ ದೊಡ್ಡ ಸರ್ಕಾರಿ ಶಾಲೆಯ ಅಕ್ಷರಗಳನ್ನು ಅವಳು ಕಣ್ಣು ಮುಚ್ಚಿಯೂ ಹೊಲಿಯಬಲ್ಲಳು. ಆದರೆ ಒಂದು ಅಂಗಿಯನ್ನೂ ಹೊಟ್ಟೆ ಉರಿದುಕೊಳ್ಳದೆ ಹೊಲಿದವಳಲ್ಲ. ಊರವರ ಮಕ್ಕಳೆಲ್ಲ ಅಲ್ಲಿಗೆ ಹೋಗುತ್ತಾರೆ, ತನ್ನ ಮಗಳು ಫಾಂಗ್ ಯಾವಾಗ?

ಈ ವರ್ಷ ಫಾಂಗ್ ಆರನೇ ತರಗತಿ ಮುಗಿಸಿದಳು. ಆ ಶಾಲೆಯ ಏಳನೇ ತರಗತಿಗೆ ಆ ಭಾಗದ ಮಕ್ಕಳು ಚೀಟಿ ಎತ್ತಬೇಕು. ಆ ಭಾಗದವರೆನ್ನಲು ಮನೆಯಲ್ಲಿ ವಾಸಿಸುವವರನ್ನು ದಾಖಲಿಸಲು ಸರ್ಕಾರ ಕೊಟ್ಟ ಮನೆ ಪುಸ್ತಕದಲ್ಲಿ ಮಗುವಿನ ಹೆಸರು ಎರಡು ವರ್ಷದಿಂದ ಇರಬೇಕು.

ಲಮ್ಯಾಯ್ ಎಡವಿದ್ದು ಅಲ್ಲೇ. ಪಪ್ಪಾಯಿ ಕೋಸಂಬರಿ ಮಾರುವ ಬುಪ್ಪಾ ಅದೇ ಓಣಿಯ ಬಾಡಿಗೆ ಕೋಣೆಯವಳು. ಅವಳ ಹೆಸರು, ಫಾಂಗ್‌ಳ ಓರಗೆಯ ಮಗಳು ಕ್ವಾನ್‌ಳ ಹೆಸರು ಎರಡೂ ದೂರದ ಹಳ್ಳಿಯ ಪುಸ್ತಕದಲ್ಲಿದ್ದವು. ಎರಡು ವರ್ಷದ ಹಿಂದೆ ಅವಳು ಬಂದು, "ಅಕ್ಕಾ, ನಿನ್ ಪುಸ್ತಕದಲ್ಲಿ ನಮ್ ಕ್ವಾನ್‌ಗೊಂದು ಸಾಲು ಜಾಗ ಕೊಡೇ" ಅಂದಳು. "ಸಾಲು ತಾನೆ, ಹಾಸಿಗೆ ಅಲ್ವಲ್ಲ!" ಎಂದು ನಕ್ಕು ಲಮ್ಯಾಯ್ ಬರೆಸಿಕೊಟ್ಟಿದ್ದಳು. ಓಣಿಯಲ್ಲಿ ಯಾರು ಯಾರಿಗೆ ಬರೆಸಿಕೊಟ್ಟಿಲ್ಲ?

ಚೀಟಿಯ ದಿನ ಮಕ್ಕಳು ಒಬ್ಬೊಬ್ಬರಾಗಿ ವೇದಿಕೆ ಹತ್ತಿ ಪೆಟ್ಟಿಗೆಗೆ ಕೈ ಹಾಕಿದರು. ಲಮ್ಯಾಯ್ ಗುಡಿಯ ದೇವರಿಗೆ ನೂರು ಬೇಯಿಸಿದ ಮೊಟ್ಟೆಯ ಹರಕೆ ಹೊತ್ತಿದ್ದಳು. ಕ್ವಾನ್‌ಗೆ ಸೀಟು ಬಂತು. ಫಾಂಗ್‌ಗೆ ಖಾಲಿ ಚೀಟಿ. ಸೀಟು ಸಿಗದವರ ಕಾಯುವ ಪಟ್ಟಿಯಲ್ಲಿ ಮಾತ್ರ ಅವಳದೇ ಮೊದಲ ಹೆಸರು.

"ನೀನೇನು ಹರಕೆ ಹೊತ್ತಿದ್ದೆ?" ಲಮ್ಯಾಯ್ ಹಲ್ಲು ಕಚ್ಚಿ ಬುಪ್ಪಾಳನ್ನು ಕೇಳಿದಳು.

"ಅಯ್ಯೋ, ಮರ್ತೇ ಹೋಗಿತ್ತು ಅಕ್ಕಾ! ಬೆಳಗ್ಗೆಯಿಂದ ಒಂದೇ ಸಮ ಗಿರಾಕಿ."

ಹರಕೆಯನ್ನೂ ಹೊರದವಳಿಗೆ! ಅದೂ ತನ್ನ ಮನೆಯ ಹೆಸರು ಹೇಳಿಕೊಂಡು! ಲಮ್ಯಾಯ್‌ಗೆ ಅನ್ನ ಸೇರಲಿಲ್ಲ. ಕ್ವಾನ್ ಬಂದು ಕೈ ಮುಗಿದರೆ ಆ ಪುಟ್ಟ ಕೈಗಳನ್ನು ಕಂಡೇ ಮೈ ಉರಿಯುತ್ತಿತ್ತು.

ದಾಖಲಾತಿಯ ದಿನ ಮಧ್ಯಾಹ್ನ ಹನ್ನೆರಡರೊಳಗೆ ಮೂಲ ಮನೆ ಪುಸ್ತಕ ತೋರಿಸಬೇಕು. ತಪ್ಪಿದರೆ ಆ ಸೀಟು ಕಾಯುವ ಪಟ್ಟಿಯ ಮೊದಲ ಮಗುವಿಗೆ. ಬೆಳಗ್ಗೆ ಏಳಕ್ಕೇ ಬುಪ್ಪಾ ಬಾಗಿಲಿಗೆ ಬಂದಳು.

"ಪುಸ್ತಕ ಕೊಡಕ್ಕಾ, ಸಾಲು ಉದ್ದ ಇರತ್ತೆ."

"ಎಲ್ಲಿಟ್ಟೆನೋ ಕಾಣ್ತಿಲ್ಲ ಕಣೇ."

"ನಾನೂ ಹುಡುಕ್ಲಾ?"

"ಬೇಡ, ನೀನು ಹೋಗಿ ಸಾಲಲ್ಲಿ ನಿಂತಿರು. ಸಿಕ್ಕಿದ್ರೆ ನಾನೇ ತರ್ತೀನಿ."

ಬುಪ್ಪಾ ಮಗಳ ಕೈ ಹಿಡಿದು ಓಡಿದಳು. ಪುಸ್ತಕ ಲಮ್ಯಾಯ್ ಕುಳಿತ ಮೆತ್ತೆಯ ಕೆಳಗೇ ಇತ್ತು.

ಹನ್ನೆರಡು ದಾಟಿಸಿ ಹೊರಟಿದ್ದರೆ ಕೆಲಸ ಕೈಗೂಡುತ್ತಿತ್ತು. ಆದರೆ ಹೊಟ್ಟೆಕಿಚ್ಚಿಗೆ ತಾಳ್ಮೆ ಎಲ್ಲಿಯದು? ಕಾಯುವ ಪಟ್ಟಿಯ ಬೇರೆ ಯಾರಾದರೂ ಮುಂದೆ ನುಗ್ಗಿಬಿಟ್ಟರೆ ಎಂಬ ಭಯ ಬೇರೆ. ಫಾಂಗ್‌ಗೆ ಹೊಸ ಅಂಗಿ ತೊಡಿಸಿ, ಪುಸ್ತಕವನ್ನು ಕಂಕುಳಲ್ಲಿಟ್ಟು, ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗಲೇ ಶಾಲೆಯ ಅಂಗಳಕ್ಕೆ ಕಾಲಿಟ್ಟಳು. ಬುಪ್ಪಾ ಸೋತು ಮನೆಗೆ ಹೋಗಿರುತ್ತಾಳೆ ಎಂದುಕೊಂಡಿದ್ದಳು. ಅವಳು ಗುಮಾಸ್ತೆಯ ಮೇಜಿನ ಎದುರೇ ಬೆಂಚಿನ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಕ್ವಾನ್ ಅತ್ತು ಅತ್ತು ಬಿಕ್ಕುತ್ತಿದ್ದಳು.

"ಅಕ್ಕಾ! ಸಿಕ್ತಾ?" ಬುಪ್ಪಾ ಎದ್ದು ಓಡಿಬಂದಳು.

ಅರ್ಧಕ್ಕೆ ನಿಂತಳು. ಅವಳ ಕಣ್ಣು ಪುಸ್ತಕದ ಮೇಲಿರಲಿಲ್ಲ. ಫಾಂಗ್‌ಳ ಎದೆಯ ಮೇಲಿತ್ತು. ಅಲ್ಲಿ ಹೊಸ ನೀಲಿ ದಾರದಲ್ಲಿ ಈ ಶಾಲೆಯ ಅಕ್ಷರಗಳು ಆಗಲೇ ಹೊಳೆಯುತ್ತಿದ್ದವು. ಹಿಂದಿನ ದಿನವೇ ಕೂತು ಹೊಲಿದಿದ್ದಳು ಲಮ್ಯಾಯ್, ಕೈ ತಡೆಯಲಾಗಿರಲಿಲ್ಲ.

ಲಮ್ಯಾಯ್ ಪುಸ್ತಕವನ್ನು ಕಂಕುಳಲ್ಲಿ ಇನ್ನಷ್ಟು ಒತ್ತಿ ಹಿಡಿದಳು. ಬುಪ್ಪಾ ಬಯ್ಯಲಿ, ಜುಟ್ಟು ಹಿಡಿಯಲಿ. ಆಗ ತಾನೂ ನಾಲ್ಕು ಮಾತಾಡಿ, ಜಗಳದಲ್ಲಿ ಹತ್ತು ನಿಮಿಷ ಕಳೆದುಬಿಡಬಹುದು. ಫಾಂಗ್ ಎದೆಗೆ ಕೈ ಅಡ್ಡ ಇಟ್ಟುಕೊಂಡು ನೆಲ ನೋಡುತ್ತಿದ್ದಳು.

ಬುಪ್ಪಾ ಗುಮಾಸ್ತೆಯ ಕಡೆ ತಿರುಗಿ ಇಡೀ ಅಂಗಳಕ್ಕೆ ಕೇಳುವಂತೆ ಹೇಳಿದಳು: "ನೋಡಿ ಮೇಡಂ, ನಾನು ಹೇಳ್ಲಿಲ್ವಾ? ನಮ್ಮಕ್ಕ ಹುಡುಕ್ಕೊಂಡು ಬಂದೇ ಬರ್ತಾಳೆ ಅಂತ."

ಗುಮಾಸ್ತೆ ಕೈ ಚಾಚಿದಳು. ಸುತ್ತ ನಿಂತ ತಾಯಂದಿರೆಲ್ಲ ಲಮ್ಯಾಯ್‌ಳನ್ನು ಮೆಚ್ಚಿ ನೋಡುತ್ತಿದ್ದರು. ಅವಳು ಪುಸ್ತಕ ಕೊಟ್ಟಳು. ಸೀಟು ಕ್ವಾನ್‌ಳ ಹೆಸರಿಗೆ ನಿಂತಿತು.

ಬುಪ್ಪಾ ಅವಳ ಮಾನ ಉಳಿಸಿದ್ದಳು. ಬುಪ್ಪಾಳ ಜಾಗದಲ್ಲಿ ತಾನಿದ್ದಿದ್ದರೆ ಅಂಥ ಮಾತು ತನ್ನ ಬಾಯಿಂದ ಸತ್ತರೂ ಬರುತ್ತಿರಲಿಲ್ಲವೆಂದು ಲಮ್ಯಾಯ್‌ಗೆ ಚೆನ್ನಾಗಿ ಗೊತ್ತಿತ್ತು. ಸೀಟಿಗಿಂತ ಹೆಚ್ಚಾಗಿ, ಅದಕ್ಕೇ ಅವಳ ಹೊಟ್ಟೆ ಉರಿಯಿತು.