ಸಾವಕಾರರ ಮಗನ ಕೋಟು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದದ್ದು ಅಪ್ಪನ ಹೊಲಿಗೆ ಮಿಷನ್ನು. ಅದು ನಿಂತಿತೆಂದರೆ ಮನೆಯೆಲ್ಲ ಗಪ್‌ಚಿಪ್. ಚನ್ನಗಿರಿಯ ಪೇಟೆಬೀದಿಯಲ್ಲಿ ಮುಂದುಗಡೆ ಅಂಗಡಿ, ಅದರ ಬೆನ್ನಿಗೆ ನಮ್ಮ ಮನೆ. ಅವ್ವನ ಮುಖ ನನಗೆ ನೆನಪಿಲ್ಲ. ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಿದ್ದಳಂತೆ. ನನ್ನನ್ನು ಎತ್ತಿ ಆಡಿಸಿ, ಉಣ್ಣಿಸಿ, ಬೈದು ಬೆಳೆಸಿದವಳು ಅಕ್ಕ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಆ ಅಕ್ಕನನ್ನೂ ಜಗಳೂರಿಗೆ ಮದುವೆ ಮಾಡಿ ಕಳಿಸಿಬಿಟ್ಟರು. ಬಸ್ಸು ಹತ್ತುವಾಗ ಅವಳು ಅಳುತ್ತ, “ಅಪ್ಪನ್ನ ನೋಡ್ಕಳ್ಳೋ” ಎಂದು ನನಗೆ ಹೇಳಿದಳು. ನನ್ನನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಬಸ್ಸು ಹೊರಟುಹೋಯಿತು.

ಅಪ್ಪ ಕೆಟ್ಟವನಲ್ಲ ಮೊಮ್ಮಕ್ಕಳೇ, ಅವನಿಗೆ ಮಾತು ಬರುತ್ತಿರಲಿಲ್ಲ ಅಷ್ಟೆ. ಗಿರಾಕಿಗಳ ಹತ್ತಿರ ಉದ್ದ ಎಷ್ಟು, ಸಡಿಲ ಎಷ್ಟು ಎಂದು ಕೇಳುತ್ತಿದ್ದ. ನನ್ನ ಹತ್ತಿರ “ಉಂಡ್ಯಾ?” ಎಂದು ಕೇಳುತ್ತಿದ್ದ. ನಾನು “ಹೂಂ” ಅಂದರೆ ಆ ದಿನದ ಮಾತು ಮುಗಿಯಿತು. ಶಾಲೆಯಿಂದ ಬಂದವನು ಒಬ್ಬನೇ ಒಳಮನೆಯಲ್ಲಿ ಕೂತಿರುತ್ತಿದ್ದೆ. ಒಂಟಿಯಾಗಿದ್ದೇನೆ ಎಂದು ಹೇಳಲು ಆಗ ನನಗೆ ಗೊತ್ತಿರಲಿಲ್ಲ, ಹೊಟ್ಟೆನೋವು ಅನ್ನುತ್ತಿದ್ದೆ. ಅಪ್ಪ ಓಂಕಾಳು ತಂದು ಕೈಗೆ ಹಾಕುತ್ತಿದ್ದ. ಅದನ್ನು ಎಷ್ಟು ಅಗಿದರೂ ಆ ನೋವು ಹೋಗುತ್ತಿರಲಿಲ್ಲ.

ಅಕ್ಕ ಹೋದ ಮೇಲೆ ಬೀದಿಯ ನಲ್ಲಿಯಿಂದ ನೀರು ತರುವ ಕೆಲಸ ನನ್ನದಾಯಿತು. ಮಾಡೆಂದು ಯಾರೂ ಹೇಳಲಿಲ್ಲ. ಅವಳು ಹೋದ ಮರುದಿನ ಹಂಡೆ ಖಾಲಿ ಇತ್ತು, ನಾನು ಕೊಡಪಾನ ಎತ್ತಿಕೊಂಡು ಹೋದೆ. ಬೆಳಕು ಹರಿಯುವ ಮುಂಚೆ ಹೆಂಗಸರ ಸಾಲಿನಲ್ಲಿ ನಿಂತು, ತುಂಬಿದ ಕೊಡಪಾನವನ್ನು ಎಡಭುಜದ ಮೇಲಿಟ್ಟುಕೊಂಡು, ಅಂಗಿಯೆಲ್ಲ ಒದ್ದೆ ಮಾಡಿಕೊಂಡು ಹಿತ್ತಲ ಬಾಗಿಲಿನಿಂದ ಬರುತ್ತಿದ್ದೆ. ಅಷ್ಟು ಹೊತ್ತಿಗೆ ಅಪ್ಪ ಮುಂದುಗಡೆ ಮಿಷನ್ನಿನ ಮುಂದೆ ಕೂತುಬಿಟ್ಟಿರುತ್ತಿದ್ದ. ಅಕ್ಕ ಇದ್ದಾಗಲೂ ಹಂಡೆ ತುಂಬಿರುತ್ತಿತ್ತು, ಅವಳು ಹೋದ ಮೇಲೂ ತುಂಬಿರುತ್ತಿತ್ತು. ಅದು ತನ್ನಷ್ಟಕ್ಕೆ ತಾನೇ ತುಂಬುತ್ತದೆ ಎಂದು ಅಪ್ಪ ತಿಳಿದಿದ್ದನೋ ಏನೋ!

ಆ ವರ್ಷ ಚಳಿಗಾಲದಲ್ಲಿ ಕೆರೆಬಿಳಚಿಯ ಅಡಿಕೆ ಸಾವಕಾರರೊಬ್ಬರು ತಮ್ಮ ಮಗನನ್ನು ಕರೆದುಕೊಂಡು ಬಂದರು. ಹೊನ್ನಾಳಿಯಲ್ಲಿ ಅವರ ತಮ್ಮನ ಮದುವೆ, ಹುಡುಗನಿಗೆ ಕೋಟು ಹೊಲಿಯಬೇಕು. ಹುಡುಗನಿಗೆ ನನ್ನದೇ ವಯಸ್ಸು, ನನ್ನದೇ ಎತ್ತರ. ಅವನು ಶಿವಮೊಗ್ಗದ ಹಾಸ್ಟೆಲಿನಲ್ಲಿ ಓದುತ್ತಿದ್ದುದರಿಂದ ಮದುವೆಯ ಹಿಂದಿನ ದಿನವೇ ಮತ್ತೆ ಬರುವುದು. ಅಪ್ಪ ಅಳತೆ ತೆಗೆದುಕೊಂಡ, ಆದರೆ ತಲೆ ಕೆರೆದುಕೊಂಡ. ಕೋಟೆಂದರೆ ಅಂಗಿಯಲ್ಲ, ನಡುನಡುವೆ ಮೈಮೇಲೆ ಹಾಕಿ ನೋಡದೆ ಆಗುವುದಿಲ್ಲ. ಸಾವಕಾರರು ನನ್ನ ಕಡೆ ಬೆರಳು ತೋರಿಸಿ ನಕ್ಕರು. “ಇವನು ಐದಾನಲ್ರೀ, ಇಬ್ರೂ ಒಂದೇ ಅಚ್ಚು. ಇವನ ಮೈಮೇಲೆ ಹಾಕಿ ನೋಡ್ರಿ, ಮುಗೀತು!”

ಅಪ್ಪ ಕೋಟು ಹೊಲಿಯುವುದನ್ನು ನೀವು ನೋಡಬೇಕಿತ್ತು. ಕೋಟಿನ ಎದೆ ನೆಟ್ಟಗೆ ನಿಲ್ಲುವುದು ಅದರೊಳಗಿರುವ ಕ್ಯಾನ್ವಾಸಿನಿಂದ. ಅದು ಒರಟು, ಮುಟ್ಟಿದರೆ ಚುಚ್ಚುತ್ತದೆ. ಅದನ್ನು ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ, ಇದ್ದಿಲ ಇಸ್ತ್ರಿಪೆಟ್ಟಿಗೆಯಿಂದ ಒತ್ತಿ ಹದ ಮಾಡುತ್ತಿದ್ದ. ಬಿಸಿ ತಾಗಿದ ಒದ್ದೆ ಉಣ್ಣೆ ಬಟ್ಟೆಯಿಂದ ಮಳೆಯಲ್ಲಿ ನೆನೆದ ಕುರಿಯ ವಾಸನೆ ಏಳುತ್ತಿತ್ತು. ಆಮೇಲೆ ಮಿಷನ್ನನ್ನು ಬದಿಗಿಟ್ಟು ಕೈಸೂಜಿ ಹಿಡಿಯುತ್ತಿದ್ದ. ಬಟ್ಟೆಯನ್ನೂ ಕ್ಯಾನ್ವಾಸನ್ನೂ ಎಡಗೈ ಬೆರಳಿನ ಮೇಲೆ ಬಗ್ಗಿಸಿ ಹಿಡಿದು, ಒಳಮಗ್ಗುಲಿಗೆ ಎಳ್ಳುಕಾಳಿನಷ್ಟು ಚಿಕ್ಕ ಓರೆ ಹೊಲಿಗೆ ಹಾಕುತ್ತ ಹೋಗುತ್ತಿದ್ದ. ಹೊರಗಿನಿಂದ ನೋಡಿದರೆ ಒಂದು ಹೊಲಿಗೆಯೂ ಕಾಣಬಾರದು. ಬೇರೆ ಟೈಲರುಗಳು ಬಕ್ರಂ ಎಂಬ ಗಂಜಿ ಹಾಕಿದ ಗಡುಸು ಬಟ್ಟೆ ಅಂಟಿಸಿ ಅರ್ಧ ದಿನದಲ್ಲಿ ಕೈತೊಳೆದುಕೊಳ್ಳುತ್ತಿದ್ದರು. ಅಪ್ಪನಿಗೆ ಅದು ಸೇರುತ್ತಿರಲಿಲ್ಲ.

ಕಚ್ಚಾ ಹೊಲಿಗೆ ಹಾಕಿದ ಮೊದಲ ದಿನ ಅಪ್ಪ ನನ್ನನ್ನು ಕರೆದ. “ಬಾ, ನಿಂತ್ಕ. ಅಲುಗಾಡಬ್ಯಾಡ.” ತೋಳಿಲ್ಲದ ಅರೆಬರೆ ಕೋಟನ್ನು ತೊಡಿಸಿ, ಎರಡೂ ಅಂಗೈಗಳನ್ನು ನನ್ನ ಕತ್ತಿನ ಬುಡದಲ್ಲಿಟ್ಟು, ಮೆಲ್ಲಗೆ ಭುಜದ ತುದಿಯವರೆಗೆ ಸವರಿದ. ಬೆನ್ನ ಮೇಲೆ ಸವರಿದ. ಎದೆಯ ಹತ್ತಿರ ಬಟ್ಟೆ ನೀವಿ, ಸ್ವಲ್ಪ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದ. ಅಕ್ಕ ಹೋದ ಮೇಲೆ ನನ್ನನ್ನು ಯಾರೂ ಮುಟ್ಟಿರಲಿಲ್ಲ. ತಲೆ ಬಾಚಿಕೊಳ್ಳುವುದು, ಬೆನ್ನು ಉಜ್ಜಿಕೊಳ್ಳುವುದು ಎಲ್ಲ ನಾನೇ. ಅಪ್ಪನ ಅಂಗೈ ಒರಟು, ಸೀಮೆಸುಣ್ಣದ ಪುಡಿ ಮೆತ್ತಿಕೊಂಡದ್ದು. ಅದು ಭುಜದ ಮೇಲಿಂದ ಏಳದಿದ್ದರೆ ಸಾಕು ಅನ್ನಿಸಿತು.

ಅಂದಿನಿಂದ ನನಗೆ ಒಂದೇ ಆಸೆ, ಈ ಕೋಟು ಮುಗಿಯಬಾರದು. ಶಾಲೆ ಬಿಟ್ಟೊಡನೆ ಓಡಿಬಂದು ಅಂಗಡಿಯ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಅಪ್ಪ ಕರೆಯುತ್ತಿದ್ದ, ತೊಡಿಸುತ್ತಿದ್ದ, ಗುಂಡುಸೂಜಿ ಚುಚ್ಚಿ ಎಡಗಡೆ ಒಂದಿಷ್ಟು ಎತ್ತುತ್ತಿದ್ದ, ಮತ್ತೆ ಬಿಚ್ಚುತ್ತಿದ್ದ. ಅವನು ನೋಡುತ್ತಿದ್ದದ್ದು ಕೋಟನ್ನು, ನನ್ನನ್ನಲ್ಲ ಎಂದು ನನಗೂ ಗೊತ್ತಿತ್ತು. ಗೊಂಬೆಯ ಮೇಲೆ ಹಾಕಿದರೂ ಹೀಗೇ ನೀವುತ್ತಾನೆ ಎಂದು ಅಂದುಕೊಂಡು ಹಾಸಿಗೆಯಲ್ಲಿ ಅತ್ತದ್ದೂ ಉಂಟು. ಆದರೂ ಮರುದಿನ ಓಡಿ ಬರುತ್ತಿದ್ದೆ.

ಕೋಟೇನು ನನ್ನ ಮಾತು ಕೇಳುತ್ತದೆಯೇ? ಮುಗಿಯಿತು. ಮದುವೆಯ ಹಿಂದಿನ ದಿನ ಬೆಳಿಗ್ಗೆ ಸಾವಕಾರರು ಮಗನೊಂದಿಗೆ ಬಂದರು. ಹುಡುಗ ಕೋಟು ತೊಟ್ಟ. ತೊಟ್ಟವನು ಕತ್ತು ಕೊಂಕಿಸಿದ. ಕಾಲರು ಕತ್ತಿನಿಂದ ದೂರ ನಿಂತಿತ್ತು, ಎಡಭುಜ ಬಿಗಿದು ಓರೆಯಾಗಿ ನೆರಿಗೆ ಬಿದ್ದಿತ್ತು, ಮುಂದುಗಡೆ ಎಡ ಅಂಚು ಮೇಲಕ್ಕೇರಿತ್ತು. ಸಾವಕಾರರ ಮುಖ ಗಂಟಾಯಿತು.

“ಏನ್ರೀ ಇದು? ನಿಮ್ಮ ಕೈಯಾಗೂ ಹಿಂಗಾಗ್ತೈತಾ? ನಾಳೆ ಮದುವಿ ಐತೆ, ಈಗ ಏನ್ ಮಾಡಾಕೆ ಬರ್ತೈತೆ?”

ಅಪ್ಪನ ಕೈಯಿಂದ ಕೋಟು ಹೀಗೆ ಕೆಟ್ಟದ್ದನ್ನು ಪೇಟೆಯಲ್ಲಿ ಯಾರೂ ಕಂಡಿರಲಿಲ್ಲ. ಅವನು ಬೆವರಿದ. ಟೇಪು ಹಿಡಿದು ಹುಡುಗನನ್ನು ಮತ್ತೆ ಅಳೆದ. ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಏನೋ ಹೊಳೆದವನಂತೆ ನನ್ನ ಕಡೆ ತಿರುಗಿ, “ಬಾ ಇಲ್ಲಿ, ಇದನ್ನ ಹಾಕ್ಕ” ಅಂದ.

ಹಾಕಿಕೊಂಡೆ. ಒಂದು ನೆರಿಗೆ ಇಲ್ಲ, ಒಂದು ಸೊಟ್ಟ ಇಲ್ಲ. ಕಾಲರು ಕತ್ತಿಗೆ ಅಂಟಿ ಕೂತಿತು. “ಅಲಲಾ, ಇದು ನಿಮ್ಮ ಹುಡುಗಂದೇ ಕೋಟಲ್ರೀ!” ಎಂದು ಸಾವಕಾರರು ಮೂಗಿನ ಮೇಲೆ ಬೆರಳಿಟ್ಟರು. ಅಪ್ಪ ನನ್ನ ಬಲಭುಜ ಮುಟ್ಟಿದ, ಎಡಭುಜ ಮುಟ್ಟಿದ. ಕೋಟು ಬಿಚ್ಚಿಸಿ ಬರೀ ಅಂಗಿಯ ಮೇಲೆ ಮತ್ತೆ ಮುಟ್ಟಿ ನೋಡಿದ.

“ತಪ್ಪು ನಂದೇ ಸಾವ್ಕಾರ್ರೆ. ನನ್ನ ಮಗನ ಎಡಭುಜ ಒಂದು ಬೆರಳು ತಗ್ಗೈತೆ. ನನ್ನ ಗಮನಕ್ಕೇ ಬಂದಿಲ್ಲ. ಕೈ ತನ್ನ ಪಾಡಿಗೆ ತಾನು ಅವನ ಮೈಗೆ ಹೊಲ್ದು ಬಿಟ್ಟೈತೆ. ಸಂಜೀಕೆ ಬರ್ರಿ, ಸರಿ ಮಾಡಿ ಕೊಡ್ತೀನಿ.”

ಇಡೀ ದಿನ ಅಪ್ಪ ಊಟಕ್ಕೂ ಏಳಲಿಲ್ಲ. ಭುಜ ಬಿಚ್ಚಿ, ತೋಳು ಬಿಚ್ಚಿ, ಕ್ಯಾನ್ವಾಸಿನ ಓರೆ ಹೊಲಿಗೆಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಹಾಕಿದ. ಸಂಜೆ ಆ ಹುಡುಗನ ಭುಜವನ್ನು ಸವರಿ, ತೊಡಿಸಿ, ಕಳಿಸಿಕೊಟ್ಟ. ಕೋಟು ಚೆನ್ನಾಗಿ ಕೂತಿತ್ತು. ನಾನು ಬಾಗಿಲ ಮರೆಯಿಂದ ನೋಡಿದೆ. ಇನ್ನು ನನ್ನನ್ನು ಕರೆಯಲು ಕೋಟಿಲ್ಲವಲ್ಲ ಎಂದು ಎದೆ ಬರಿದಾಯಿತು.

ಆದರೆ ಅಪ್ಪ ಕರೆದ. “ಈ ಭುಜದ ಮ್ಯಾಲೆ ಏನ್ ಹೊರ್ತೀಯೋ?”

“ನೀರು.”

“ಯಾವಾಗಿಂದ?”

“ಅಕ್ಕ ಹೋದಾಗಿಂದ.”

ಅಪ್ಪನ ಕಣ್ಣಲ್ಲಿ ನೀರು ತುಂಬಿತ್ತು. ನಾನು ಅದನ್ನು ಹಿಂದೆಂದೂ ನೋಡಿರಲಿಲ್ಲ, ಹೆದರಿದೆ. “ನಂಗೆ ಹೇಳಬಾರದೇನೋ ಮಗನೇ” ಅಂದವನೇ ಎಡಭುಜವನ್ನು ತಿಕ್ಕತೊಡಗಿದ. ಮೈಮೇಲೆ ಯಾರ ಕೋಟೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಬೀದಿಯ ನಲ್ಲಿಯ ಸಾಲಿನಲ್ಲಿ ಅಪ್ಪನೂ ನಿಂತ. ಕೊರಳಲ್ಲಿ ಟೇಪು ಹಾಗೇ ನೇತಾಡುತ್ತಿತ್ತು. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಅಪ್ಪ ನಾಚಿಕೊಂಡ, ಆದರೆ ಜಾಗ ಬಿಡಲಿಲ್ಲ. ಅಂದು ಸಾಲು ಸರಿಯುವವರೆಗೆ ಅವನು ಮಾತಾಡಿದ. ಅವ್ವನ ಬಗ್ಗೆ, ಅವಳ ಕೈಹೊಲಿಗೆಯ ಬಗ್ಗೆ. ಅಕ್ಕನಿಲ್ಲದ ಮನೆ ಅವನಿಗೂ ತಿನ್ನಲು ಬರುತ್ತಿತ್ತಂತೆ. ಒಂದೇ ಸೂರಿನಡಿ ನಾವಿಬ್ಬರೂ ಬೇರೆಬೇರೆ ಕೂತು ಒಂದೇ ಸಂಕಟ ಪಟ್ಟಿದ್ದೆವು.

ಮೊಮ್ಮಕ್ಕಳೇ, ನಿಮಗೆ ಅಳತೆಯೆಂದರೆ ಕಾಲರಿನ ಒಳಗೆ ಅಚ್ಚಾದ ಒಂದು ಅಂಕಿ. ಬಟ್ಟೆ ಕವರಿನಲ್ಲಿ ಬಾಗಿಲಿಗೆ ಬರುತ್ತದೆ, ಸರಿಹೋಗದಿದ್ದರೆ ವಾಪಸ್ಸು ಹೋಗುತ್ತದೆ. ನಲ್ಲಿ ಮನೆಯೊಳಗೇ ಇದೆ. ಒಳ್ಳೆಯದೇ ಆಯಿತು, ನೀರು ಹೊತ್ತೇ ದೊಡ್ಡವರಾಗಬೇಕೆಂದೇನೂ ಇಲ್ಲ. ಆದರೆ ದಾವಣಗೆರೆಯ ನಿಮ್ಮ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಒಂದೊಂದು ಬಾಗಿಲು. ಒಳಗೆ ಯಾರು ಹೇಗಿದ್ದಾರೆಂದು ನೋಡಲು ಯಾರಿಗೂ ಪುರುಸೊತ್ತಿಲ್ಲ.

ದೊಡ್ಡವನೇ, ಮೊನ್ನೆ ನೀನು ರಜೆಗೆ ಬಂದಾಗ ನಿನ್ನ ಹೆಗಲ ಮೇಲೆ ಕೈಯಿಟ್ಟೆ. ನೀನು “ತಾತಾ, ಕಚಗುಳಿ” ಎಂದು ಜಾರಿಕೊಂಡೆ. ನಿನ್ನ ನಗು ಎಂದಿನಂತಿರಲಿಲ್ಲ. ನಾನೂ ಟೈಲರ್ ಮಗನಪ್ಪಾ, ನನ್ನ ಕೈಗೆ ಗೊತ್ತಾಗುತ್ತದೆ. ಅಪ್ಪ ನನ್ನನ್ನು ಕೇಳುವಷ್ಟರಲ್ಲಿ ಬಹಳ ದಿನ ಕಳೆದಿತ್ತು. ನಾನು ಅಷ್ಟು ತಡ ಮಾಡುವುದಿಲ್ಲ. ಹೇಳು, ಯಾರಿಗೂ ಹೇಳದೆ ನೀನೊಬ್ಬನೇ ಹೊರುತ್ತಿರುವುದು ಏನು?