ಅತ್ತೆ ಬಿಡದ ವಜೀರ

ನಮ್ಮ ಮಾವನವರ ಚದುರಂಗದ ಜೊತೆಗಾರ ಆಷಾಢದಲ್ಲಿ ಪಂಢರಪುರದ ದಾರಿ ಹಿಡಿದದ್ದೇ ಎಲ್ಲದಕ್ಕೂ ಮೂಲ. ಸಾವಿರದ ಒಂಬೈನೂರ ಮೂವತ್ತರ ಸುಮಾರಿನ ಮಾತು. ಸೊಲ್ಲಾಪುರದಲ್ಲಿ ನಮ್ಮದು ಸೀರೆ ಅಂಗಡಿ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದ ಮಾವನವರಿಗೆ ಒಂದಾಟ ಆಗದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ. ಗೆಳೆಯ ವಿಠ್ಠಲನ ದರ್ಶನಕ್ಕೆ ಹೋದ ಮೇಲೆ ಒಬ್ಬರೇ ಪಟ ಹಾಸಿಕೊಂಡು, ಎಡಗೈಗೂ ಬಲಗೈಗೂ ಆಟ ಹಚ್ಚಿ, ಎರಡಕ್ಕೂ ಬೈಯುತ್ತ ಕೂಡುತ್ತಿದ್ದರು.

ಒಂದು ದಿನ ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದ ನನಗೆ ತಡೆಯಲಾಗಲಿಲ್ಲ. "ಅತ್ತೀ, ಆ ಕುದರಿ ಸಾಯತೈತಿ ನೋಡ್ರಿ" ಅಂದೆ. ಹೊಸ್ತಿಲ ಬಳಿ ಜೋಳ ಹಸನು ಮಾಡುತ್ತಿದ್ದ ಅತ್ತೆ ಅದನ್ನು ಹಾಗೇ ಗಂಡನ ಕಿವಿಗೆ ಹಾಕಿದರು. ಕುದುರೆ ಉಳಿಯಿತು, ನನ್ನ ಗುಟ್ಟು ಉಳಿಯಲಿಲ್ಲ. ನನ್ನ ತವರು ನಾಗಣಸೂರಿನಲ್ಲಿ, ಗಂಡುಮಕ್ಕಳಿಲ್ಲದ ನಮ್ಮಪ್ಪ ಹೊಲದ ಕೆಲಸವಿಲ್ಲದ ದಿನಗಳಲ್ಲಿ ನನಗೂ ಅಕ್ಕನಿಗೂ ಆಟ ಕಲಿಸಿದ್ದ.

ಸೊಸೆಯಾದವಳು ಮಾವನ ಎದುರು ಬರುವಂತಿಲ್ಲ, ಮಾತಾಡುವಂತಿಲ್ಲ. ಅದಕ್ಕೂ ದಾರಿ ಸಿಕ್ಕಿತು. ನಾನು ಬಾಗಿಲ ಹಿಂದೆ, ಮಾವ ಪಡಸಾಲೆಯಲ್ಲಿ, ನಡುವೆ ಅತ್ತೆ. ನಾನು ಹೇಳಿದ ಕಾಯಿಯನ್ನು ಅವರು ನಡೆಸಬೇಕು. ಆಟದ ಗಂಧಗಾಳಿ ಅವರಿಗಿರಲಿಲ್ಲ. ಎರಡು ವಾರದಲ್ಲಿ ಆನೆ ನೆಟ್ಟಗೆ, ಒಂಟೆ ಓರೆಗೆ ಎಂಬಷ್ಟು ತಿಳಿಯಿತು. ತಿಳಿದದ್ದೇ ತಡ, ಬುದ್ಧಿವಾದವೂ ಶುರುವಾಯಿತು. "ಆ ಒಂಟಿ ಸುಮ್ನ ನಿಂತೈತಿ, ಅದಕ್ಕ ಒಂದೀಟ ಕೆಲಸ ಹಚ್ಚ" ಎನ್ನುವರು, ಥೇಟು ನನಗೆ ಹೇಳಿದ ಹಾಗೆಯೇ.

ಪಂಚಮಿಗೆ ಅಕ್ಕ ಗಂಡನ ಊರು ಮರವಡೆಯಿಂದ ತವರಿಗೆ ಬರುತ್ತಾಳೆಂದು ಕಾಗದ ಬಂತು. ಅವಳ ಮುಖ ನೋಡಿ ಎರಡು ವರ್ಷವಾಗಿತ್ತು. ನನ್ನನ್ನೂ ಕಳಿಸಿ ಎಂದು ಅತ್ತೆಯಿಂದ ಹೇಳಿಸಿದರೆ ಮಾವನವರು ಹಬ್ಬದ ಗಿರಾಕಿ, ಬೀಗರು, ಅಡಿಗೆ ಎಂದು ರಾಗ ಎಳೆದರು. ಕೊನೆಗೆ, "ಗೆದ್ದರ ಹದಿನೈದ ದಿನ ಹೋಗಲಿ. ಸೋತರ ಪಂಚಮಿ ಇಲ್ಲೇ" ಎಂದು ಪಟ ಬಿಚ್ಚಿದರು.

ಆಟದ ಮೊದಲಿಗೇ ನನಗೆ ಕೇಡುಗಾಲ. ಒಂದು ಆನೆ ಹೋಯಿತು, ಒಂಟೆ ಹೋಯಿತು. ಮಾವನವರು ಸತ್ತ ಕಾಯಿಗಳನ್ನು ತೊಡೆಯ ಪಕ್ಕ ಸಾಲಾಗಿ ನಿಲ್ಲಿಸಿ ಅಡಿಕೆ ಕತ್ತರಿಸತೊಡಗಿದರು. ಆದರೆ ತಿನ್ನುವ ಭರದಲ್ಲಿ ಅವರ ರಾಜನ ಕಾವಲೆಲ್ಲ ದೂರ ಬಂದಿತ್ತು. ಪಟದ ಅತಿ ಬಲಶಾಲಿ ಕಾಯಿಯಾದ ನನ್ನ ವಜೀರ ರಾಜನ ಮಗ್ಗುಲಿಗೇ ಹೋಗಿ ಶಹ ಕೊಟ್ಟು ಹೆದರಿಸಿದರೆ, ರಾಜ ಅವನನ್ನು ತಿನ್ನದೆ ಗತಿಯಿಲ್ಲ. ತಿಂದರೆ ಮೂಲೆಯ ಹತ್ತಿರ ಬರುತ್ತಾನೆ. ಅಲ್ಲಿ ನನ್ನ ಕುದುರೆಯೂ ಕಾಲಾಳು ಪ್ಯಾದೆಯೊಂದೂ ಕಾದಿದ್ದವು.

"ಅತ್ತೀ, ವಜೀರನ್ನ ರಾಜಾನ ಬಾಜೂಕ ಇಡ್ರಿ."

"ರಾಜಾ ತಿಂತಾನಲ್ಲ!"

"ತಿನ್ನಲಿ ಬಿಡ್ರಿ."

"ನಾ ಒಲ್ಲೆವ್ವಾ" ಅಂದರು ಅತ್ತೆ. "ಇರೂದ ಒಂದ ವಜೀರ. ಬ್ಯಾರೆ ಏನರ ಹೇಳ."

ಸೀಳಿದ ಸೌಟಿಗೂ ದಾರ ಸುತ್ತಿ ಬಳಸುವ ಹೆಂಗಸು. ಕೈ ಬಿಗಿ ಎಂದೇ ತಿಳಿದೆ. ಬೇಡಿದೆ, ರಮಿಸಿದೆ. ಊಹೂಂ. ಅವರ ಕೈ ಮೂಲೆಯ ಬಡಪಾಯಿ ಪ್ಯಾದೆಯೊಂದರ ಮೇಲೆ ಹೋಯಿತು. ಅದನ್ನು ನಡೆಸಿ ಕೈಬಿಟ್ಟರೆ ಆಟ ಮುಗಿಯಿತು, ಪಂಚಮಿಯೂ ಮುಗಿಯಿತು. ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಹೊಸ್ತಿಲು ದಾಟಿದೆ. ಅತ್ತೆಯ ಕೈ ಸರಿಸಿ ವಜೀರನನ್ನು ನಾನೇ ಇಟ್ಟೆ. "ಶಹ" ಅಂದೆ. ಮಾವನವರ ಮುಂದೆ ನಿಂತು ನಾನಾಡಿದ ಮೊದಲ ಮಾತು ಅದು.

ಅವರ ಬಾಯಲ್ಲಿ ಅಡಿಕೆ ಅಲ್ಲೇ ನಿಂತಿತು. ನನ್ನನ್ನು ನೋಡಲಾರದೆ ಪಟವನ್ನೇ ನೋಡಿದರು, ವಜೀರನನ್ನು ತಿಂದರು. ಕುದುರೆ ಶಹ ಕೊಟ್ಟಿತು, ರಾಜ ಮೂಲೆ ಸೇರಿದ, ಪ್ಯಾದೆ ಒಂದು ಮನೆ ಮುಂದೆ ಬಂತು. ಶಹ, ಮಾತ! ಆಟ ಮುಗಿಯಿತು. ನಮ್ಮ ಕಡೆ ಪ್ಯಾದೆಯಿಂದ ಸೋಲುವುದಕ್ಕಿಂತ ದೊಡ್ಡ ನಾಚಿಕೆ ಇಲ್ಲ. ಬಹಳ ಹೊತ್ತು ರಾಜನಿಗೆ ದಾರಿ ಹುಡುಕಿದ ಮಾವನವರು ಹೆಂಡತಿಯ ಕಡೆ ತಿರುಗಿ, "ನಿನ್ನ ಸೊಸಿಗಿ ಹೇಳ, ಸೋಮವಾರ ಟಾಂಗಾ ಬರತೈತಿ. ಮತ್ತ, ಪಂಢರಪುರಕ್ಕ ಹೋದಾಂವಗ ಇದನ್ನ ಯಾರೂ ಹೇಳಬ್ಯಾಡ್ರಿ" ಎಂದು ಎದ್ದು ಅಂಗಡಿಗೆ ನಡೆದರು.

ಸಂಜೆ ಗಂಟು ಕಟ್ಟುತ್ತ, "ಒಂದ ಕಟಗಿ ವಜೀರಗ ಅಷ್ಟ ಜೀವಾ ಬಿಟ್ರೆಲ್ಲರಿ ಅತ್ತೀ" ಎಂದು ಕಾಡಿದೆ. ಅತ್ತೆ ನಗಲಿಲ್ಲ.

"ಅದನ್ನ ಇಟ್ಟರ ನೀ ಗೆಲ್ಲತಿ ಅನ್ನೂದು ನಿನ್ನ ದನಿ ಕೇಳಿದ ಕೂಡಲೇ ಗೊತ್ತಾತವ್ವಾ. ಅದಕ್ಕ ಇಡಲಿಲ್ಲ. ಹದಿನೈದ ದಿನ ಈ ಮನ್ಯಾಗ ನಾ ಯಾರ ಕೂಡ ಮಾತಾಡಲಿ?"

ಸೋಮವಾರ ಹೋದೆ. ಅಕ್ಕನ ಜೊತೆ ಜೋಕಾಲಿ ಜೀಕಿದೆ, ಹೊಟ್ಟೆ ನೋಯುವಷ್ಟು ನಕ್ಕೆ. ಒಂಬತ್ತನೆಯ ದಿನ ಮತ್ತೆ ಗಂಟು ಕಟ್ಟಿದಾಗ ಅಕ್ಕ ಸಿಟ್ಟಾದಳು. "ಗೆದ್ದ ದಿನಾ ಯಾರರ ಬಿಡತಾರೇನ, ಹುಚ್ಚಿ?" ನನಗೂ ಉಳಿದ ದಿನಗಳನ್ನು ಬಿಡಲು ಮನಸ್ಸಿರಲಿಲ್ಲ, ಸುಳ್ಳೇಕೆ ಹೇಳಲಿ. ಆದರೂ ಅಕ್ಕಲಕೋಟ ರೋಡ್ ಸ್ಟೇಷನ್ನಿನಲ್ಲಿ ರೈಲು ಹತ್ತಿದೆ.

ಬಾಗಿಲು ತೆರೆದ ಅತ್ತೆ, "ಇಷ್ಟ ಲಗೂನ ಯಾಕ ಬಂದಿ?" ಎಂದು ಗದರಿದರು. ನನ್ನ ಕೈಯಿಂದ ಗಂಟು ಕಸಿದುಕೊಂಡು ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.