ಅಕ್ಕನ ಲವಂಗದ ಜಡೆ

ಮಕ್ಕಳೇ, ನಾನು ಚಿಕ್ಕವಳಿದ್ದಾಗ, ನಿಮ್ಮ ಹಾಗೆಯೇ ಒಂದು ಕಡೆ ಕೂರದ ತುಂಟಿಯಾಗಿದ್ದಾಗ, ನಮ್ಮ ಅಕ್ಕನ ಬಯಕೆ ಊಟದ ದಿನ ಹತ್ತಿರ ಬಂತು. ಬಸುರಿಗೆ ಮಲ್ಲಿಗೆ ಮುಡಿಸಿ, ಆಸೆಪಟ್ಟದ್ದನ್ನೆಲ್ಲ ಬಡಿಸುವ ದಿನ ಅದು. ಆದರೆ ಏಳು ತಿಂಗಳಾದರೂ ಅಕ್ಕನಿಗೆ ವಾಂತಿ ನಿಂತಿರಲಿಲ್ಲ. ಮಲ್ಲಿಗೆಯ ವಾಸನೆ ತಾಗಿದರೆ ಸಾಕು, ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಓಡುತ್ತಿದ್ದಳು. ಅನ್ನ ಸೇರುತ್ತಿರಲಿಲ್ಲ. ಕೈಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ನನಗೆ ತುಂಬ ಹೆದರಿಕೆಯಾಗಿತ್ತು. ಅಪ್ಪ ಕಡಲಿಗೆ ಹೋಗುವವರು. ಮೀನಿನ ಮನೆ ನಮ್ಮದು. ಆದರೂ ಅವಳ ಮೂಗಿಗೆ ತಾಗಬಾರದೆಂದು ಅಮ್ಮ ಮೀನು ಬೇಯಿಸುವುದನ್ನೇ ಬಿಟ್ಟಿದ್ದಳು. ಒಣಮೀನಿನ ಚಾಪೆಯೂ ತೆಂಗಿನ ಮರಗಳ ಆಚೆಗೆ ಹೋಗಿತ್ತು.

ಹೂ ಮುಡಿಸದೆ ಶಾಸ್ತ್ರ ಮಾಡುವುದು ಹೇಗೆ? ಮುನ್ನಾದಿನ ಬೆಳಿಗ್ಗೆ ಅಮ್ಮ ಸೂಜಿ ದಾರ ಹಿಡಿದು ಅಡುಗೆಮನೆಯಲ್ಲಿ ಕೂತಳು. ಅಪ್ಪ ಕುಂದಾಪುರದ ಪೇಟೆಯಿಂದ ತಂದ ಲವಂಗ ನೀರಿನಲ್ಲಿ ನೆನೆದು ಮೆತ್ತಗಾಗಿತ್ತು.

"ಲವಂಗವೂ ಒಂದ್ ಮೊಗ್ಗೇ ಅಲ್ದಾ ಮಗಾ?" ಎಂದಳು.

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಹೌದಲ್ಲ! ಲಾಡಿನಲ್ಲಿ ಸಿಕ್ಕರೆ ಉಗಿದುಬಿಡುತ್ತಿದ್ದ ಆ ಕಪ್ಪು ಕಡ್ಡಿಗೆ ಪುಟ್ಟ ತಲೆ, ಸುತ್ತ ನಾಲ್ಕು ಎಸಳು. ಇಷ್ಟು ದಿನ ನಾನು ಕಂಡೇ ಇರಲಿಲ್ಲ. ಸುತ್ತ ಎಂಟು ಲವಂಗ, ನಡುವೆ ಒಂದು ಹಸಿರು ಏಲಕ್ಕಿ ಸೇರಿದರೆ ಒಂದು ಹೂವು. ಹೀಗೆ ಹೂವಿನ ಕೆಳಗೆ ಹೂವು ಪೋಣಿಸಿ, ಅಕ್ಕನ ಕೂದಲಿಗೆ ಕಟ್ಟಲು ಉದ್ದಕ್ಕೆ ಒಂದು ಲವಂಗದ ಜಡೆ. ಕಿವಿಗೆ ಏಲಕ್ಕಿಯ ಜುಮುಕಿ ಬೇರೆ. ಮೀನು ಕೊಯ್ಯುವ ಅದೇ ಬೆರಳುಗಳು! ಮನೆಯೆಲ್ಲ ಘಮ್ಮೆಂದಿತು. ದೇವರೆದುರು ನಿಂತ ಹಾಗೆ ನಾನು ಸುಮ್ಮನೆ ನಿಂತುಬಿಟ್ಟೆ.

"ಬಿಸ್ಲಿಗ್ ಇಟ್ಟ್ ಬಾ" ಎಂದು ಅಮ್ಮ ಅದನ್ನು ನನ್ನ ಕೈಗೆ ಕೊಟ್ಟಳು. ಅಂಗಳದಲ್ಲಿ ನೆರಳಿತ್ತು. ಒಳ್ಳೆಯ ಬಿಸಿಲಿದ್ದದ್ದು ಒಣಮೀನಿನ ಚಾಪೆಯ ಮೇಲೆ. ಬಂಗುಡೆ ಮೀನುಗಳ ಪಕ್ಕದಲ್ಲಿ ಜಾಗವೂ ಇತ್ತು. ನನ್ನ ಬುದ್ಧಿ ನೋಡಿ, ಅಲ್ಲೇ ಹರಡಿ, ಸಂಜೆವರೆಗೆ ಕಾಗೆ ಓಡಿಸುತ್ತ ಕೂತೆ.

ತಂದುಕೊಟ್ಟಾಗ ಅಮ್ಮ ಮೂಸಿ ಹೌಹಾರಿದಳು. "ಎಂತ ಮಾಡ್ದೆ ಹೆಣೆ! ಒಣ್ ಮೀನಿನ್ ಚಾಪಿ ಮೇಲ್ ಇಟ್ಯಾ?"

ಅಷ್ಟರಲ್ಲಿ ಅಕ್ಕ ಬಂದು, ತಡೆಯುವ ಮೊದಲೇ ಜಡೆಯನ್ನು ಮೂಗಿನ ಹತ್ತಿರ ಹಿಡಿದಳು. ನಾನು ಕಣ್ಣು ಮುಚ್ಚಿಕೊಂಡೆ. ಅವಳು ಓಡಿದ ಸದ್ದು ಕೇಳಲಿಲ್ಲ. ಕಣ್ಣು ಬಿಟ್ಟರೆ, ಅಕ್ಕ ಇನ್ನೊಮ್ಮೆ ಉದ್ದಕ್ಕೆ ಉಸಿರೆಳೆಯುತ್ತಿದ್ದಳು.

"ಅಮ್ಮಾ, ನಂಗ್ ಗಂಜಿ ಉಣ್ಕ್ ಅಂಬಂಗ್ ಆತ್ತ್. ಒಂದ್ ಒಣ್ ಮೀನ್ ಸುಟ್ಟ್ ಕೊಡ್."

ನಾವು ದೂರ ಇಟ್ಟದ್ದೇ ಅವಳಿಗೆ ಬೇಕಾಗಿತ್ತು. ಅವಳಿಗೂ ಅದು ಗೊತ್ತಿರಲಿಲ್ಲವಂತೆ! ಅಕ್ಕ ಎರಡು ತಟ್ಟೆ ಗಂಜಿ ಉಂಡಳು. ಅಮ್ಮ ಒಲೆಯ ಮುಂದೆ ನಗುತ್ತಲೇ ಕಣ್ಣೊರೆಸಿಕೊಂಡಳು. ಮರುದಿನ ಅದೇ ಜಡೆ ಹಾಕಿಕೊಂಡು ಅಕ್ಕ ಬಯಕೆ ಊಟಕ್ಕೆ ಕೂತಾಗ ನಾನು ಅವಳಿಂದ ಕಣ್ಣು ಕೀಳಲಿಲ್ಲ.

ಈಗ ನಿಮ್ಮ ಅಡುಗೆಮನೆಯಲ್ಲಿ ಒಲೆ ಹಚ್ಚಿದ ಕೂಡಲೇ ವಾಸನೆ ಎಳೆಯುವ ಚಿಮಣಿ ಗುರ್ರೆನ್ನುತ್ತದೆ. ಮೀನು ಹುರಿದರೆ ನೀವು ಮೂಗು ಮುಚ್ಚಿಕೊಂಡು ಸ್ಪ್ರೇ ಹೊಡೆಯುತ್ತೀರಿ. ಮನೆ ಚೊಕ್ಕವಾಗಿರುತ್ತದೆ, ಒಪ್ಪಿದೆ. ಆದರೆ ಮಕ್ಕಳೇ, ಆ ಚಿಮಣಿಯ ಗುಂಡಿ ಒತ್ತುವ ಮೊದಲು ಒಮ್ಮೆ ಉಸಿರೆಳೆದು ನೋಡಿ. ಊಟ ಬಿಟ್ಟಿದ್ದ ನನ್ನ ಅಕ್ಕನನ್ನು ತಟ್ಟೆಯ ಮುಂದೆ ಕೂರಿಸಿದ್ದು ಆ ವಾಸನೆಯೇ.